ಚಿಚೆನ್ ಇಟ್ಸಾಗೆ ಯಾತ್ರಿಕರ ಹಾಗೆ ಹೋಗಿ ಬರುವುದು ಹೇಗೆ?

ಮೆಕ್ಸಿಕೋದ ಕಾನ್ಕುನ್‌ಗೆ ಹೋಗಿ, ಅಲ್ಲಿಂದ ಮಾಯಾ ಜನರ ಹಳೆಯ ಪಟ್ಟಣ ಚಿಚೆನ್ ಇಟ್ಸಾ ನೋಡಿ ಬಂದ ಸ್ನೇಹಿತರನ್ನು "ಹೇಗಿತ್ತು?" ಅಂತ ಕೇಳಿ ನೋಡಿ. ಬಿಸಿಲು ಜಾಸ್ತಿ, ಜನ ಜಾಸ್ತಿ, ಪಿರಮಿಡ್ ಮುಂದೆ ಫೋಟೊ ತೆಗೆಸಿಕೊಂಡು ಬಂದೆವು ಅನ್ನುತ್ತಾರೆ. ಮೊದಲ ಸಲ ನಾನೂ ಹಾಗೇ ಬಂದೆ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಬಸ್ ಟೂರ್ ಹಿಡಿದಿದ್ದೆ. ದಾರಿಯಲ್ಲಿ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಗಂಟೆ ಕೂರಿಸಿದರು. ಗೇಟಿನ ಹತ್ತಿರ ಇಳಿಸಿದಾಗ ಮಧ್ಯಾಹ್ನ ಹನ್ನೆರಡೂವರೆ. ನೆತ್ತಿಯ ಮೇಲೆ ಸೂರ್ಯ, ಒಳಗೆ ನೆರಳಿಲ್ಲ. ಅದು ಯಾರ ದೇವಸ್ಥಾನ, ಯಾರು ಅಲ್ಲಿ ಏನು ಬೇಡಿಕೊಳ್ಳುತ್ತಿದ್ದರು ಅನ್ನುವುದು ಒಂದೂ ಗೊತ್ತಾಗದೆ ವಾಪಸ್ ಬಂದೆ.

ಎರಡನೇ ಸಲ ಹಿಂದಿನ ರಾತ್ರಿಯೇ ಹತ್ತಿರದ ಊರಲ್ಲಿ ಉಳಿದು, ಮಾಯಾ ಮಾತಾಡುವ ಗೈಡ್ ಜೊತೆ ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದೆ. ಜಾಗ ಅದೇ, ಕಂಡದ್ದೇ ಬೇರೆ. ಆ ಎರಡನೇ ದಿನವನ್ನು ನೀವು ಮೊದಲ ಸಲಕ್ಕೇ ಹೇಗೆ ಮಾಡಿಕೊಳ್ಳಬಹುದು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಮಾಯಾ ಜನ ಹೆಸರಿಗೆ ತಕ್ಕ ಹಾಗೆ ಮಾಯವಾಗಿಬಿಟ್ಟರು ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅವರು ಎಲ್ಲೂ ಹೋಗಿಲ್ಲ. ಮೆಕ್ಸಿಕೋದ ಯುಕಟಾನ್ ಭಾಗದಲ್ಲಿ ಇವತ್ತೂ 7 ಲಕ್ಷಕ್ಕಿಂತ ಜಾಸ್ತಿ ಜನ ಯುಕಟೆಕ್ ಮಾಯಾ ಮಾತಾಡುತ್ತಾರೆ. ಪಿರಮಿಡ್ ಪಕ್ಕದಲ್ಲಿ ನಿಮಗೆ ಮರದ ಬೊಂಬೆ ಮಾರುವ ಅಜ್ಜಿ ಮನೆಯಲ್ಲಿ ಆಡುವುದು ಅದೇ ಭಾಷೆ. ಅವರ ನಂಬಿಕೆಯೂ ಪೂರ್ತಿ ಹೋಗಿಲ್ಲ. ಅರ್ಧ ಹೊಲದಲ್ಲಿದೆ, ಅರ್ಧ ಚರ್ಚ್ ಒಳಗಿದೆ. ಅದಕ್ಕೇ ಪಿರಮಿಡ್ ಮಾತ್ರ ನೋಡಿದರೆ ಅರ್ಧ ದಿನ ನೋಡಿದ ಹಾಗೆ.

ಯಾವ ತರಹದ ಟೂರ್ ಅಂತ ಮೊದಲು ಕೇಳಿಕೊಳ್ಳಿ

"ಧಾರ್ಮಿಕ ಪ್ರವಾಸ", "ಆಧ್ಯಾತ್ಮಿಕ ಯಾತ್ರೆ" ಅನ್ನುವ ಹೆಸರಲ್ಲಿ ಹಲವು ತರಹದ ಟೂರ್‌ಗಳು ಸಿಗುತ್ತವೆ. ಹೆಸರು ನೋಡಿ ಬುಕ್ ಮಾಡಬೇಡಿ.

ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಅನ್ನುವ ಕ್ರೈಸ್ತ ಪಂಥದವರಿಗಾಗಿಯೇ ನಡೆಯುವ ಟೂರ್‌ಗಳಿವೆ. ತಮ್ಮ ಧರ್ಮಗ್ರಂಥದಲ್ಲಿ ಬರುವ ಪಟ್ಟಣಗಳು ಇವೇ ಇರಬಹುದು ಅನ್ನುವ ನಂಬಿಕೆಯಿಂದ ಅವರು ಬರುತ್ತಾರೆ. ಪುರಾತತ್ವ ತಜ್ಞರು ಇದನ್ನು ಒಪ್ಪುವುದಿಲ್ಲ. ಆ ಚರ್ಚ್ ಕೂಡ ಇಂಥದೇ ಜಾಗ ಅಂತ ಅಧಿಕೃತವಾಗಿ ಹೇಳಿಲ್ಲ. ಇನ್ನು "ಶಕ್ತಿ ಕೇಂದ್ರ" ಟೂರ್‌ಗಳು. ಬಿಳಿ ಬಟ್ಟೆ ಹಾಕಿಕೊಂಡು ಪಿರಮಿಡ್ ಕಡೆ ಕೈ ಚಾಚಿ ನಿಲ್ಲುವುದು ಇದರಲ್ಲಿ ಮುಖ್ಯ. 2012ರ ಡಿಸೆಂಬರ್ 21ಕ್ಕೆ ಪ್ರಪಂಚ ಮುಗಿಯುತ್ತದೆ ಅನ್ನುವ ಸುದ್ದಿ ಎದ್ದಿತ್ತಲ್ಲ, ಆಗ ಇಂಥವು ತುಂಬಾ ನಡೆದವು. ಅವತ್ತು ಮಾಯಾ ಪಂಚಾಂಗದಲ್ಲಿ ಒಂದು ದೊಡ್ಡ ಸುತ್ತು ಮುಗಿದು ಇನ್ನೊಂದು ಶುರುವಾಯಿತು, ಅಷ್ಟೇ.

ನಮ್ಮವರದ್ದೂ ಒಂದಿದೆ. ಮಾಯಾ ಅಂದರೆ ನಮ್ಮ ಮಯಾಸುರ, ಈ ಪಿರಮಿಡ್‌ಗಳನ್ನು ಕಟ್ಟಿದ್ದು ಅವನೇ ಅನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಎರಡು ಹೆಸರು ಕೇಳಲು ಒಂದೇ ತರಹ ಇವೆ ಅನ್ನುವುದು ಬಿಟ್ಟರೆ ಇದಕ್ಕೆ ಯಾವ ಆಧಾರವೂ ಇಲ್ಲ.

ಎಲ್ಲರೂ ತಮ್ಮ ತಮ್ಮ ದೇವರನ್ನು ಅಲ್ಲಿ ಹುಡುಕಲು ಹೋಗುತ್ತಾರೆ. ಅಲ್ಲಿಯವರ ದೇವರು ಯಾರು ಅಂತ ಕೇಳುವವರು ಕಡಿಮೆ. ನನ್ನ ಸಲಹೆ ಇಷ್ಟೇ: ಮಾಯಾ ನಂಬಿಕೆಯನ್ನು ಮಾಯಾ ಜನರಿಂದಲೇ ಕೇಳಿಸುವ ಟೂರ್ ಆರಿಸಿಕೊಳ್ಳಿ. ಅಂಥದ್ದು ಸಿಗದಿದ್ದರೆ ನೀವೇ ಒಬ್ಬ ಗೈಡ್ ಹಿಡಿದು ದಿನ ಜೋಡಿಸಿಕೊಳ್ಳಿ. ಕಷ್ಟವೇನಿಲ್ಲ.

ವೀಸಾ, ಕಾಲ, ಉಳಿಯುವ ಊರು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಪ್ರವಾಸಕ್ಕೆ ಅದೇ ಸಾಕು. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಕನ್ನಡಿಗರು ಇಲ್ಲಿ ಒಂದು ವಿಷಯ ಗಮನಿಸಬೇಕು. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾ ಅವಧಿ ಮುಗಿದಿದ್ದರೆ, ಕೈಯಲ್ಲಿ ಅಮೆರಿಕ ಸರ್ಕಾರದ ಮಂಜೂರಾತಿಯ ಐ-797 ಕಾಗದ ಇದೆ ಅಂತ ಹೊರಟುಬಿಡಬೇಡಿ. ಮೆಕ್ಸಿಕೋದವರು ನೋಡುವುದು ಅಂಟಿಸಿದ ವೀಸಾವನ್ನು. ಟಿಕೆಟ್ ತೆಗೆಯುವ ಮುಂಚೆ ಅದರ ತಾರೀಕು ನೋಡಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆ ರಾಯಚೂರಿನವರಿಗೂ ಸಾಕು ಅನ್ನಿಸುತ್ತದೆ. ಜೂನ್‌ನಿಂದ ಮಳೆ, ಆಮೇಲೆ ಚಂಡಮಾರುತದ ಕಾಲ. ಭಾನುವಾರ ಮೆಕ್ಸಿಕೋ ಪ್ರಜೆಗಳಿಗೆ ಟಿಕೆಟ್‌ನಲ್ಲಿ ವಿನಾಯಿತಿ ಇರುವುದರಿಂದ ಜನ ಜಾಸ್ತಿ. ವಾರದ ಮಧ್ಯದ ದಿನ ಒಳ್ಳೆಯದು.

ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಗಲು ರಾತ್ರಿ ಸಮವಾಗಿರುವ ದಿನಗಳು ಇವು. ಸಂಜೆ ಹೊತ್ತಿಗೆ ಪಿರಮಿಡ್‌ನ ಉತ್ತರದ ಮೆಟ್ಟಿಲ ಬದಿಯ ಗೋಡೆ ಮೇಲೆ ಬೆಳಕಿನ ತ್ರಿಕೋನಗಳು ಒಂದರ ಕೆಳಗೊಂದು ಮೂಡುತ್ತವೆ. ಕೆಳಗಿರುವ ಕಲ್ಲಿನ ಹಾವಿನ ತಲೆಗೆ ಅವು ಸೇರಿ, ಹಾವು ಇಳಿದು ಬಂದ ಹಾಗೆ ಕಾಣುತ್ತದೆ. ನೋಡಬೇಕಾದ್ದೇ. ಆದರೆ ಆ ದಿನ ಸಾವಿರಾರು ಜನ ಸೇರುತ್ತಾರೆ. ಎರಡು ಮೂರು ದಿನ ಮುಂಚೆ ಅಥವಾ ಆಮೇಲೆ ಹೋದರೂ ಹೆಚ್ಚೂಕಡಿಮೆ ಅದೇ ನೆರಳು ಕಾಣುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಖಂಡಿತ ಹಾಗೇ ಮಾಡಿ.

ಉಳಿಯುವುದು ವಯಾದೊಲಿದ್ ಊರಲ್ಲಿ. ಅಲ್ಲಿಂದ ಚಿಚೆನ್ ಇಟ್ಸಾ ಸುಮಾರು 45 ಕಿಲೋಮೀಟರ್. ಕಾನ್ಕುನ್‌ನಿಂದ 200 ಕಿಲೋಮೀಟರ್ ಆಗುತ್ತದೆ, ಎರಡೂವರೆ ಗಂಟೆ ದಾರಿ. ಮೆರಿದಾ ಕಡೆಯಿಂದ 120 ಕಿಲೋಮೀಟರ್. ಕಾನ್ಕುನ್‌ನಿಂದಲೇ ಬರುತ್ತೀರಾದರೆ ಗಡಿಯಾರ ಗಮನದಲ್ಲಿರಲಿ. ಕಾನ್ಕುನ್ ಇರುವ ಕಿಂತಾನಾ ರೋ ರಾಜ್ಯ ಯುಕಟಾನ್‌ಗಿಂತ ಒಂದು ಗಂಟೆ ಮುಂದಿದೆ. ಕಾನ್ಕುನ್ ಗಡಿಯಾರದಲ್ಲಿ ಆರೂವರೆಗೆ ಹೊರಟರೆ ಅಲ್ಲಿಯ ಗಡಿಯಾರದಲ್ಲಿ ಎಂಟಕ್ಕೆ ಗೇಟು ತೆಗೆಯುವ ಹೊತ್ತಿಗೆ ತಲುಪುತ್ತೀರಿ. ಬರುವಾಗ ಆ ಒಂದು ಗಂಟೆ ಕಳೆದುಹೋಗುತ್ತದೆ. ರಾತ್ರಿ ವಿಮಾನ ಹಿಡಿಯುವವರು ಎಚ್ಚರ.

ಗೈಡ್ ಆರಿಸುವುದು

ದಿನದ ಅರ್ಧ ಸುಖ ಗೈಡ್ ಕೈಯಲ್ಲಿದೆ. ಮೆಕ್ಸಿಕೋ ಸರ್ಕಾರದ ಪ್ರವಾಸೋದ್ಯಮ ಇಲಾಖೆ ಕೊಡುವ ಗುರುತಿನ ಚೀಟಿ ಇದೆಯೇ ಅಂತ ಮೊದಲು ನೋಡಿ. ಆಮೇಲೆ ನಾಲ್ಕು ಮಾತು ಕೇಳಿ.

ನಿಮ್ಮ ಮನೆಯಲ್ಲಿ ಮಾಯಾ ಮಾತಾಡುತ್ತೀರಾ? ಹೌದು ಅಂದರೆ ಅರ್ಧ ಕೆಲಸ ಆಯಿತು. ನಿಮ್ಮ ಊರಲ್ಲಿ ಈಗಲೂ ಮಳೆಗೆ ಪೂಜೆ ಮಾಡುತ್ತಾರಾ? ಈ ಪ್ರಶ್ನೆಗೆ ಒಳ್ಳೆಯ ಗೈಡ್ ಮುಖ ಅರಳುತ್ತದೆ, ಕಥೆ ಅಲ್ಲಿಂದಲೇ ಶುರುವಾಗುತ್ತದೆ. ದಾರಿಯಲ್ಲಿ ಅಂಗಡಿಗೆ ನಿಲ್ಲಿಸುತ್ತೀರಾ? "ಇಲ್ಲ" ಅನ್ನುವುದನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಕೊನೆಯದು, ಹಿಂದೆ ಮಾಯಾ ಜನ ಇಲ್ಲಿ ಆಡುತ್ತಿದ್ದ ಚೆಂಡಾಟದಲ್ಲಿ ಗೆದ್ದವರನ್ನು ಬಲಿ ಕೊಡುತ್ತಿದ್ದರಾ, ಸೋತವರನ್ನಾ? ಗೆದ್ದವರನ್ನೇ ಅಂತ ಎದೆ ತಟ್ಟಿ ಹೇಳುವವರು ಬಹಳ ಜನ. ಚೆಂಡಾಟದ ಅಂಗಳದ ಗೋಡೆಯ ಕೆತ್ತನೆಯಲ್ಲಿ ಒಬ್ಬ ಆಟಗಾರನ ತಲೆ ಕಡಿದಿದೆ, ಕುತ್ತಿಗೆಯಿಂದ ಚಿಮ್ಮಿದ ರಕ್ತ ಹಾವುಗಳಾಗಿದೆ. ಅವನು ಗೆದ್ದವನೋ ಸೋತವನೋ ಅಂತ ಕಲ್ಲು ಹೇಳುವುದಿಲ್ಲ. "ಅದು ತೀರ್ಮಾನವಾಗಿಲ್ಲ" ಅನ್ನುವ ಗೈಡ್ ಸಿಕ್ಕರೆ ಬಿಡಬೇಡಿ.

ಹಿಂದಿನ ರಾತ್ರಿ ಇಷ್ಟು ತಿಳಿದುಕೊಳ್ಳಿ

ಉತ್ತರ ಯುಕಟಾನ್‌ನಲ್ಲಿ ಹೊಳೆ ಇಲ್ಲ, ನದಿ ಇಲ್ಲ. ನೆಲ ಪೂರ್ತಿ ಸುಣ್ಣಕಲ್ಲು. ಬಿದ್ದ ಮಳೆ ನೇರ ಕೆಳಗೆ ಇಂಗುತ್ತದೆ. ಎಲ್ಲಿ ಮೇಲಿನ ಕಲ್ಲು ಕುಸಿದಿದೆಯೋ ಅಲ್ಲಿ ಆಳದ ನೀರು ಕಾಣುತ್ತದೆ. ಆ ಬಾವಿಯಂಥ ಹೊಂಡಕ್ಕೆ ಸೆನೊಟೆ ಅನ್ನುತ್ತಾರೆ. ಮೆಕ್ಕೆಜೋಳ ಬೆಳೆಯುವ ಜನ, ಹೊಳೆ ಇಲ್ಲದ ನಾಡು. ಮಳೆ ಬಂದರೆ ಊಟ, ಬಾರದಿದ್ದರೆ ಇಲ್ಲ. ಅವರ ದೇವರನ್ನು ಅರ್ಥ ಮಾಡಿಕೊಳ್ಳಲು ಇದೊಂದು ಸಾಕು. ಮಳೆ ದೇವರ ಹೆಸರು ಚಾಕ್. ಉದ್ದ ಸೊಂಡಿಲಿನಂಥ ಮೂಗಿನ ಅವನ ಮುಖ ಗೋಡೆ ಗೋಡೆಯಲ್ಲೂ ಇದೆ. ಸೊಂಡಿಲು ಕಂಡ ಕೂಡಲೇ "ಅರೆ, ಗಣಪತಿ!" ಅನ್ನಬೇಡಿ.

ಊರಿನ ಹೆಸರಲ್ಲೂ ನೀರಿದೆ. ಚಿ ಅಂದರೆ ಬಾಯಿ, ಚೆಎನ್ ಅಂದರೆ ಬಾವಿ. ಇಟ್ಸಾ ಜನರ ಬಾವಿಯ ಬಾಯಿ, ಚಿಚೆನ್ ಇಟ್ಸಾ.

ಸೆನೊಟೆ ಕೆಳಗೆ ಶಿಬಾಲ್ಬಾ, ಅಂದರೆ ಪಾತಾಳ. ನೆಲದ ಮಧ್ಯೆ ಬೂರುಗದ ಜಾತಿಯ ದೊಡ್ಡ ಸೀಬಾ ಮರ, ಮಾಯಾದಲ್ಲಿ ಯಾಶ್‌ಚೆ. ಬೇರು ಪಾತಾಳದಲ್ಲಿ, ಕೊಂಬೆ ಸ್ವರ್ಗದಲ್ಲಿ. ದಿಕ್ಕಿಗೊಂದು ಬಣ್ಣ: ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳಿ, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ, ನಡುವೆ ಹಸಿರು. ದಿನಬಳಕೆಯ ಪಂಚಾಂಗ ಎರಡು. ಒಂದು 365 ದಿನದ್ದು, ಇನ್ನೊಂದು 260 ದಿನದ ಪೂಜೆಯ ಪಂಚಾಂಗ. ಎರಡೂ ಮತ್ತೆ ಒಂದೇ ಜಾಗಕ್ಕೆ ಬರಲು 52 ವರ್ಷ ಬೇಕು.

ಎರಡು ಮಾತೂ ಕಲಿತುಕೊಳ್ಳಿ. "ಬಿಶ್ ಆ ಬೇಲ್?" ಅಂದರೆ ಹೇಗಿದ್ದೀರಿ. ಪದಕ್ಕೆ ಪದ ನೋಡಿದರೆ "ನಿಮ್ಮ ದಾರಿ ಹೇಗಿದೆ?" "ದಿಯೊಸ್ ಬೊಓತಿಕ್" ಅಂದರೆ ಧನ್ಯವಾದ. ದೇವರು ನಿಮಗೆ ಇದರ ಋಣ ತೀರಿಸಲಿ ಅಂತ ಅರ್ಥ. ದಿಯೊಸ್ ಸ್ಪ್ಯಾನಿಷ್ ಪದ, ಬೊಓತಿಕ್ ಮಾಯಾ ಪದ. ಒಂದು ಧನ್ಯವಾದದಲ್ಲೇ ಸ್ಪೇನಿನವರು ಬಂದಾಗಿನಿಂದ ಐನೂರು ವರ್ಷದ ಕಥೆ ಇದೆ.

ಬೆಳಿಗ್ಗೆ ಎಂಟು: ಪಿರಮಿಡ್

ಗೇಟಿನಲ್ಲಿ ಟಿಕೆಟ್ ಎರಡು. ಒಂದು ಕೇಂದ್ರ ಸರ್ಕಾರದ್ದು, ಒಂದು ಯುಕಟಾನ್ ರಾಜ್ಯದ್ದು. ಕೌಂಟರ್ ಬೇರೆ ಬೇರೆ. ವಿದೇಶಿಯರಿಗೆ ಎರಡೂ ಸೇರಿ 600 ಪೆಸೊ ದಾಟುತ್ತದೆ. ನಗದು ಇಟ್ಟುಕೊಳ್ಳಿ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುವ ಜಾಗ ಇದು. ಹತ್ತೂವರೆಗೆ ಕಾನ್ಕುನ್ ಬಸ್‌ಗಳು ಬಂದು ನಿಲ್ಲುತ್ತವೆ. ಅಷ್ಟರೊಳಗೆ ನಿಮಗೆ ಬೇಕಾದ್ದು ನೋಡಿ ಮುಗಿಸಿ.

ಒಳಗೆ ಹೋದ ಕೂಡಲೇ ಪಿರಮಿಡ್ ಹತ್ತಿರ ಓಡಬೇಡಿ. ಮೊದಲು ದೂರದಲ್ಲಿ ನಿಂತು ನೋಡಿ. ಇದು ಕುಕುಲ್ಕಾನ್ ದೇವಸ್ಥಾನ. ಕುಕುಲ್ಕಾನ್ ಅಂದರೆ ಗರಿಯಿರುವ ಹಾವು. ನಾಲ್ಕು ಕಡೆ ಮೆಟ್ಟಿಲು, ಒಂದೊಂದು ಕಡೆ 91. ಮೇಲಿನ ಒಂದು ಮೆಟ್ಟಿಲು ಸೇರಿದರೆ 365. ವರ್ಷವನ್ನೇ ಕಲ್ಲಿನಲ್ಲಿ ಕಟ್ಟಿದ್ದಾರೆ. ಈಗ ಹತ್ತಲು ಬಿಡುವುದಿಲ್ಲ. ಹಗ್ಗ ದಾಟಲು ಹೋಗಿ ಸಿಕ್ಕಿಬೀಳುವವರು ಇದ್ದಾರೆ, ಆ ಕೆಲಸ ಬೇಡ.

ಹೊರಗೆ ಕಾಣುವುದು ಮೇಲಿನ ಪದರ ಮಾತ್ರ. ಒಳಗೆ ಇನ್ನೊಂದು ಪಿರಮಿಡ್ ಇದೆ, ಅದರೊಳಗೆ ಮತ್ತೊಂದು. ಹಳೆಯ ಗುಡಿಯನ್ನು ಕೆಡವದೆ ಅದರ ಮೇಲೇ ಹೊಸ ಗುಡಿ ಹೊದಿಸಿದ್ದಾರೆ. ಒಳಗಿನ ಕೋಣೆಯಲ್ಲಿ ಜಾಗ್ವಾರ್ ಅನ್ನುವ ಚಿರತೆಯಂಥ ಪ್ರಾಣಿಯ ಆಕಾರದ ಕೆಂಪು ಪೀಠ ಸಿಕ್ಕಿತು, ಮೈಮೇಲಿನ ಚುಕ್ಕೆಗಳಿಗೆ ಹಸಿರು ಜೇಡ್ ಕಲ್ಲು. 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ಪಿರಮಿಡ್ ಕೆಳಗೇ ಒಂದು ಸೆನೊಟೆ ಇರುವ ಗುರುತು ಕಂಡುಹಿಡಿದರು. ಅಂದರೆ ಕೆಳಗೆ ಪಾತಾಳದ ನೀರು, ಮೇಲೆ ಸೂರ್ಯನ ಲೆಕ್ಕ. ಉತ್ತರದ ಮೆಟ್ಟಿಲ ಎದುರು ನಿಂತು ಒಂದು ಸಲ ಚಪ್ಪಾಳೆ ತಟ್ಟಿ. ಹಕ್ಕಿ ಕೂಗಿದ ಹಾಗೆ ಪ್ರತಿಧ್ವನಿ ಬರುತ್ತದೆ. ಕೆಟ್ಸಾಲ್ ಹಕ್ಕಿಯ ದನಿ ಅದು ಅನ್ನುತ್ತಾರೆ. ಬೇಕೆಂದೇ ಹಾಗೆ ಕಟ್ಟಿದರೋ ಇಲ್ಲವೋ ಅನ್ನುವ ವಾದ ನಡೆದೇ ಇದೆ. ಕೇಳಿದಾಗ ಮಾತ್ರ ಮೈ ಜುಂ ಅನ್ನುತ್ತದೆ.

ಅಲ್ಲಿಂದ ಚೆಂಡಾಟದ ಅಂಗಳ. 168 ಮೀಟರ್ ಉದ್ದ, 70 ಮೀಟರ್ ಅಗಲ. ಆಮೇಲೆ ಯೋಧರ ಗುಡಿ, ಸುರುಳಿ ಮೆಟ್ಟಿಲ ವೀಕ್ಷಣಾಲಯ. ಶುಕ್ರ ಗ್ರಹದ ಓಡಾಟ ನೋಡುತ್ತಿದ್ದ ಜಾಗ ಅದು. ಕಾಲು ನೋಯುತ್ತಿದ್ದರೆ ಯೋಧರ ಗುಡಿಯನ್ನು ದೂರದಿಂದಲೇ ನೋಡಿ ಬಿಡಿ. ಪವಿತ್ರ ಸೆನೊಟೆಯನ್ನು ಬಿಡಬೇಡಿ.

ಬಾವಿಯ ಹತ್ತಿರ

ಪಿರಮಿಡ್‌ನಿಂದ ಉತ್ತರಕ್ಕೆ ಹಳೆಯ ಬಿಳಿ ದಾರಿಯಲ್ಲಿ ಐದು ನಿಮಿಷ ನಡೆದರೆ ಪವಿತ್ರ ಸೆನೊಟೆ. ದಾರಿಯ ಎರಡೂ ಕಡೆ ಅಂಗಡಿಗಳು. ಜಾತ್ರೆಯ ಹಾಗಿದೆ. ಅಲ್ಲಿ ಬೊಂಬೆ ಒರೆಸುತ್ತಾ ಕೂತಿದ್ದ ಒಬ್ಬ ಅಜ್ಜಿಗೆ "ಬಿಶ್ ಆ ಬೇಲ್?" ಅಂದೆ. ಕೈಯಲ್ಲಿದ್ದ ಬಟ್ಟೆ ನಿಂತಿತು. "ಮಾಅಲೋಬ್" ಅಂದರು, ಚೆನ್ನಾಗಿದ್ದೇನೆ ಅಂತ. ಆಮೇಲೆ ಏನೇನೋ ಮಾತಾಡಿದರು, ನನಗೆ ಒಂದೂ ತಿಳಿಯಲಿಲ್ಲ. ಗೈಡ್ ಹೇಳಿದ ಮೇಲೆ ಗೊತ್ತಾಯಿತು, ಈ ವರ್ಷ ಮಳೆ ತಡವಾಯಿತು ಅಂತ ಹೇಳುತ್ತಿದ್ದರಂತೆ. ಚಾಕ್‌ನ ಬಾವಿಗೆ ಹೋಗುವ ದಾರಿಯಲ್ಲಿ ಕೂತು, ಮಳೆಯ ಮಾತು.

ಬಾವಿ ಸುಮಾರು 60 ಮೀಟರ್ ಅಗಲ. ಕಡಿದಾದ ಕಲ್ಲಿನ ಗೋಡೆ, ತುಂಬಾ ಕೆಳಗೆ ಹಸಿರು ನೀರು. ಇದು ಕುಡಿಯುವ ನೀರಿನ ಬಾವಿಯಾಗಿರಲಿಲ್ಲ, ಹರಕೆಯ ಬಾವಿ. 1904ರಿಂದ ಎಡ್ವರ್ಡ್ ಥಾಂಪ್ಸನ್ ಅನ್ನುವ ಅಮೆರಿಕದವನು ಇದರ ತಳ ಬಗೆಸಿದ. ಚಿನ್ನ, ಜೇಡ್, ಮಡಕೆ, ಮನುಷ್ಯರ ಮೂಳೆ, ಕೋಪಲ್ ಧೂಪದ ಉಂಡೆಗಳು ಬಂದವು. ಹೆಚ್ಚಿನದು ಹಾರ್ವರ್ಡ್‌ನ ಮ್ಯೂಸಿಯಂ ಸೇರಿತು, ಸ್ವಲ್ಪ ಆಮೇಲೆ ಮೆಕ್ಸಿಕೋಗೆ ವಾಪಸ್ ಬಂತು. ಕೋಪಲ್ ಅಂದರೆ ಮರದ ಅಂಟು, ನಮ್ಮ ಹಾಲುಮಡ್ಡಿ, ಸಾಂಬ್ರಾಣಿ ಇದ್ದ ಹಾಗೆ. ಹರಕೆಯ ವಸ್ತುಗಳಿಗೆ ನೀಲಿ ಬಣ್ಣ ಬಳಿದು ನೀರಿಗೆ ಹಾಕುತ್ತಿದ್ದರು. ನೀಲಿ ಗಿಡದ ಬಣ್ಣವನ್ನು ಒಂದು ಜಾತಿಯ ಜೇಡಿಮಣ್ಣಿನ ಜೊತೆ ಬಿಸಿ ಮಾಡಿ ತಯಾರಿಸಿದ ಬಣ್ಣ ಅದು, ನೂರಾರು ವರ್ಷ ಕಳೆದರೂ ಮಾಸುವುದಿಲ್ಲ. ಎಷ್ಟು ಹರಕೆ ಬಿದ್ದಿತ್ತೆಂದರೆ ಬಾವಿಯ ತಳದಲ್ಲಿ ನೀಲಿ ಕೆಸರಿನ ದಪ್ಪ ಪದರವೇ ಇತ್ತು.

ಮನುಷ್ಯ ಬಲಿಯ ಮಾತನ್ನು ಮುಚ್ಚಿಡಬಾರದು. ಮಕ್ಕಳು ಜೊತೆಗಿದ್ದರೆ ಎಷ್ಟು ಹೇಳಬೇಕು ಅಂತ ಗೈಡ್‌ಗೆ ಮೊದಲೇ ತಿಳಿಸಿ. ಕನ್ಯೆಯರನ್ನು ಇಲ್ಲಿಗೆ ತಳ್ಳುತ್ತಿದ್ದರು ಅನ್ನುವುದು ಹಳೆಯ ಕಥೆ. 1967ರಲ್ಲಿ ಈ ಬಾವಿಯ ಹತ್ತಿರ ನೆಲದೊಳಗಿನ ಒಂದು ತೊಟ್ಟಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಮೂಳೆ ಸಿಕ್ಕಿತ್ತು. ಅವರಲ್ಲಿ 64 ಮಕ್ಕಳ ಡಿಎನ್ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಎಲ್ಲರೂ ಗಂಡು ಮಕ್ಕಳು. ಹಲವರು ಒಬ್ಬರಿಗೊಬ್ಬರು ಹತ್ತಿರದ ರಕ್ತಸಂಬಂಧಿಗಳು. ಎರಡು ಜೋಡಿ ತದ್ರೂಪಿ ಅವಳಿಗಳು. ಗ್ವಾಟೆಮಾಲಾದ ಕಿಚೆ ಮಾಯಾ ಜನರ ಪುರಾಣದಲ್ಲಿ ಪಾತಾಳಕ್ಕೆ ಇಳಿದು ಗೆದ್ದು ಬರುವ ಅವಳಿ ವೀರರ ಕಥೆ ಇದೆ. ಆ ನಂಬಿಕೆಗೂ ಇದಕ್ಕೂ ನಂಟಿರಬಹುದು ಅನ್ನುತ್ತಾರೆ ತಜ್ಞರು. ಬಾವಿಯ ಅಂಚಿನಲ್ಲಿ ನಿಂತು ಇದನ್ನು ಕೇಳುವುದು ಸುಲಭವಲ್ಲ. ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲಿ.

ಇನ್ನೊಂದು ಮಾತನ್ನು ನಮ್ಮವರಿಗೇ ಅಂತ ಹೇಳುತ್ತಿದ್ದೇನೆ. ನೀರು ಕಂಡ ಕೂಡಲೇ ನಾಣ್ಯ ಎಸೆಯಬೇಡಿ. ಕಲ್ಲಿಗೆ ಕುಂಕುಮ ಹಚ್ಚುವುದು, ಊದುಬತ್ತಿ ಹಚ್ಚುವುದು ಬೇಡ. ಅನುಮತಿ ಇಲ್ಲದೆ ಇಲ್ಲಿ ಯಾರೂ ಪೂಜೆ ಮಾಡುವಂತಿಲ್ಲ. ಕೈ ಮುಗಿಯಬೇಕು ಅನ್ನಿಸಿದರೆ ಮುಗಿಯಿರಿ. ಡ್ರೋನ್‌ಗೂ ಬಿಡುವುದಿಲ್ಲ.

ಬಲಂಕಾಂಚೆ ಗುಹೆ

ಚಿಚೆನ್ ಇಟ್ಸಾದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬಲಂಕಾಂಚೆ ಗುಹೆ ಇದೆ. ತೆರೆದಿದೆಯೇ ಅಂತ ಹಿಂದಿನ ದಿನ ವಯಾದೊಲಿದ್‌ನಲ್ಲೇ ವಿಚಾರಿಸಿ. ಮುಚ್ಚಿದ್ದರೂ ಇದರ ಕಥೆ ಗೊತ್ತಿರಲಿ.

1959ರಲ್ಲಿ ಒಬ್ಬ ಗೈಡ್ ಗುಹೆಯೊಳಗೆ ಕಟ್ಟಿ ಮುಚ್ಚಿದ್ದ ಒಂದು ಗೋಡೆ ಕಂಡ. ಅದರಾಚೆ ದೊಡ್ಡ ಕೋಣೆ. ಮೇಲಿನಿಂದ ಇಳಿದ ಸುಣ್ಣಕಲ್ಲು, ಕೆಳಗಿನಿಂದ ಬೆಳೆದ ಸುಣ್ಣಕಲ್ಲು ಸೇರಿ ಮಧ್ಯೆ ಒಂದು ಕಂಬವಾಗಿದೆ. ನೋಡಲು ಥೇಟ್ ಸೀಬಾ ಮರ. ಅದರ ಸುತ್ತ ಮಳೆ ದೇವರ ಮುಖವಿರುವ ಧೂಪದ ಮಡಕೆಗಳು, ಪುಟ್ಟ ಪುಟ್ಟ ಬೀಸುವ ಕಲ್ಲುಗಳು, ಇಟ್ಟವರು ಇಟ್ಟ ಹಾಗೆಯೇ. ತಜ್ಞರು ಕೆಲಸ ಶುರು ಮಾಡಿದರು. ಆಗ ಹತ್ತಿರದ ಹಳ್ಳಿಯ ಹ್ಮೆನ್ ಬಂದರು. ಹ್ಮೆನ್ ಅಂದರೆ ಊರಿನ ಪೂಜಾರಿ, ನಾಟಿ ವೈದ್ಯ ಎಲ್ಲಾ. ಗುಹೆಯ ದೇವರುಗಳಿಗೆ ತೊಂದರೆ ಕೊಟ್ಟಿದ್ದೀರಿ, ಕ್ಷಮೆ ಕೇಳಬೇಕು ಅಂದರು. ಗುಹೆಯೊಳಗೇ ಹಗಲು ರಾತ್ರಿ ಪೂಜೆ ನಡೆಯಿತು. ವಿಜ್ಞಾನಿಗಳೂ ಜೊತೆಗೆ ಕೂತರು. ಅದನ್ನು ಯೋಚಿಸಿದಾಗೆಲ್ಲ ನನಗೆ ಸಮಾಧಾನ ಆಗುತ್ತದೆ.

ಗುಹೆಯಲ್ಲಿ ಸೆಕೆ, ಗಾಳಿ ಕಡಿಮೆ. ಉಸಿರಾಟದ ತೊಂದರೆ ಇರುವವರು ಬೇಡ. ಅವರಿಗೆ ಸ್ನಾನ ಮಾಡಬಹುದಾದ ಸೆನೊಟೆ ಒಳ್ಳೆಯದು. ಇಕ್ ಕಿಲ್ ಹತ್ತಿರದಲ್ಲೇ ಇದೆ, ನೆಲದಿಂದ ಸುಮಾರು 26 ಮೀಟರ್ ಕೆಳಗೆ ನೀರು. ಇಳಿಯುವ ಮುಂಚೆ ಷವರ್‌ನಲ್ಲಿ ಸನ್‌ಸ್ಕ್ರೀನ್, ಎಣ್ಣೆ ಎಲ್ಲಾ ತೊಳೆದುಕೊಳ್ಳಬೇಕು. ಇದೇ ನೀರು ನೆಲದಡಿ ಊರೂರಿಗೆ ಹೋಗುತ್ತದೆ.

ಊಟ

ಸಸ್ಯಾಹಾರಿಗಳು "ವೆಹೆತಾರಿಯಾನೊ" ಅಂತ ಹೇಳಿ ಸುಮ್ನೆ ಕೂತರೆ ಸಾಲದು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ" ಅಂತ ಪೂರ್ತಿ ಹೇಳಿ. ಮಾಂಸ, ಕೋಳಿ, ಮೀನು, ಹಂದಿ ಕೊಬ್ಬು ಬೇಡ ಅಂತ ಅರ್ಥ. ಬೇಯಿಸಿದ ಕಾಳಿಗೂ ಹಂದಿ ಕೊಬ್ಬು ಹಾಕುವುದುಂಟು. ಸಿಕಿಲ್ ಪಾಕ್ ಕೇಳಿ. ಹುರಿದ ಕುಂಬಳ ಬೀಜ, ಟೊಮ್ಯಾಟೊ ಅರೆದು ಮಾಡುವ ಚಟ್ನಿ. ಮೆಕ್ಕೆಜೋಳದ ಬಿಸಿ ರೊಟ್ಟಿ ತೊರ್ತಿಯಾ ಜೊತೆ ತಿಂದರೆ ಹುಬ್ಬಳ್ಳಿ ಕಡೆಯವರಿಗೆ ಮನೆ ನೆನಪಾಗುತ್ತದೆ. ಪಾಪಡ್ಸುಲ್ ತಿನಿಸಿನಲ್ಲಿ ಮೊಟ್ಟೆ ಇರುತ್ತದೆ. ಹಬನೇರೊ ಮೆಣಸಿನಕಾಯಿಯನ್ನು ನಮ್ಮ ಬ್ಯಾಡಗಿ ಅಂದುಕೊಳ್ಳಬೇಡಿ.

ಮಧ್ಯಾಹ್ನ: ಇಸಮಾಲ್

ಊಟ ಮುಗಿಸಿ ಇಸಮಾಲ್‌ಗೆ ಹೊರಡಿ. ಒಂದು ಗಂಟೆಯ ಸುಮಾರು ದಾರಿ. ಟೂರ್‌ನವರು ಇದನ್ನು ಬಿಟ್ಟುಬಿಡುತ್ತಾರೆ. ಈ ದಿನ ಪೂರ್ತಿಯಾಗುವುದು ಇಲ್ಲೇ ಅಂತ ನನ್ನ ಲೆಕ್ಕ.

ಊರಿಗೆ ಊರೇ ಹಳದಿ ಬಣ್ಣ. ಮಧ್ಯೆ ಎತ್ತರದ ಜಗಲಿ ಮೇಲೆ ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ, 1561ರಲ್ಲಿ ಮುಗಿದದ್ದು. 75 ಕಮಾನುಗಳ ವಿಶಾಲ ಅಂಗಳ. ಆ ಜಗಲಿ ಮಾಯಾ ಪಿರಮಿಡ್‌ನ ಬುಡ. ಮೇಲಿನ ಗುಡಿ ಕೆಡವಿ, ಅದೇ ಕಲ್ಲಿನಿಂದ ಮಠ ಕಟ್ಟಿದರು. ಗೋಡೆಗಳನ್ನು ಹತ್ತಿರದಿಂದ ನೋಡುತ್ತಾ ನಡೆಯಿರಿ. ಸಾದಾ ಕಲ್ಲುಗಳ ಮಧ್ಯೆ ಒಂದೊಂದರಲ್ಲಿ ಬಳ್ಳಿ ಸುತ್ತಿದಂಥ, ರಂಗೋಲಿಯ ಗೆರೆಯಂಥ ಕೆತ್ತನೆ ಇದೆ. ಅವು ಹಳೆಯ ಗುಡಿಯ ಕಲ್ಲುಗಳು.

ಇಲ್ಲಿದ್ದ ಪಾದ್ರಿ ದಿಯೇಗೊ ದೆ ಲಾಂದಾ. 1562ರ ಜುಲೈನಲ್ಲಿ ಮಾನಿ ಅನ್ನುವ ಊರಲ್ಲಿ ಮಾಯಾ ಪುಸ್ತಕಗಳನ್ನು, ಸಾವಿರಾರು ದೇವರ ಮೂರ್ತಿಗಳನ್ನು ರಾಶಿ ಹಾಕಿ ಸುಡಿಸಿದ. ಇವತ್ತು ಇಡೀ ಪ್ರಪಂಚದಲ್ಲಿ ಉಳಿದಿರುವ ಹಳೆಯ ಮಾಯಾ ಪುಸ್ತಕ ನಾಲ್ಕೇ ನಾಲ್ಕು. ಅದೇ ಲಾಂದಾ ಆಮೇಲೆ ಮಾಯಾ ಜನರ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಅವರ ಅಕ್ಷರಗಳನ್ನೂ ಬರೆದಿಟ್ಟ. 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ಆ ಟಿಪ್ಪಣಿ ಹಿಡಿದೇ ಮಾಯಾ ಲಿಪಿ ಓದುವ ದಾರಿ ತೋರಿಸಿದ. ಲಾಂದಾನ ಪ್ರತಿಮೆ ಇಸಮಾಲ್‌ನಲ್ಲೇ ಇದೆ. ಅದರ ಮುಂದೆ ನಿಂತಾಗ ಗೈಡ್ ಏನು ಹೇಳುತ್ತಾರೆ ಅಂತ ಗಮನವಿಟ್ಟು ಕೇಳಿ. ನನ್ನ ಗೈಡ್ ಹೇಳಿದ್ದು ಒಂದೇ ಮಾತು: "ನಮ್ಮಜ್ಜಿ ಈ ಚರ್ಚ್‌ಗೂ ಬರುತ್ತಿದ್ದಳು, ಹೊಲದಲ್ಲಿ ಚಾಕ್‌ಗೂ ಎಡೆ ಇಡುತ್ತಿದ್ದಳು."

ಚರ್ಚ್ ಒಳಗೆ ಟೋಪಿ ತೆಗೆಯಿರಿ, ಪ್ರಾರ್ಥನೆ ನಡೆಯುತ್ತಿದ್ದರೆ ಫೋಟೊ ಬೇಡ. ಇಲ್ಲಿಯ ಮೇರಿ ಮಾತೆಗೆ ಯುಕಟಾನ್ ಪೂರ್ತಿ ಭಕ್ತರು. ಡಿಸೆಂಬರ್ 8ರ ಹಬ್ಬಕ್ಕೆ ದೂರ ದೂರದಿಂದ ಬರುತ್ತಾರೆ. 1993ರ ಆಗಸ್ಟ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಲ್ಲಿಗೆ ಬಂದು ಮೂಲನಿವಾಸಿ ಜನರನ್ನು ಭೇಟಿಯಾದರು. ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಉಯಿಪಿಲ್ ಅನ್ನುವ ಕಸೂತಿ ಹಾಕಿದ ಬಿಳಿ ನಿಲುವಂಗಿ ತೊಟ್ಟ ಹೆಂಗಸರು ಬಂದು, ಮೊಣಕಾಲೂರಿ, ತುಟಿಯಲ್ಲೇ ಏನೋ ಹೇಳಿಕೊಂಡು ಹೋಗುತ್ತಾರೆ.

ಪೂಜೆ ನೋಡುವ ಅವಕಾಶ ಸಿಕ್ಕರೆ

ಟೂರ್ ಪ್ಯಾಕೇಜ್‌ಗಳಲ್ಲಿ "ಶಾಮನ್ ಆಶೀರ್ವಾದ" ಅಂತ ಇರುತ್ತದೆ. ಗರಿಯ ಕಿರೀಟ, ಹೊಗೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದು ಪ್ರದರ್ಶನ. ನಿಜವಾದ ಹ್ಮೆನ್ ಸಾಮಾನ್ಯ ಪ್ಯಾಂಟು ಷರ್ಟಿನಲ್ಲಿರುವ ರೈತ.

ಮಳೆ ಬಾರದಾಗ ಹಳ್ಳಿಗಳಲ್ಲಿ ಮಾಡುವ ಪೂಜೆ ಚಾ ಚಾಕ್. ಕಾಡಿನ ಕೋಲಿನಿಂದ ಮೇಜು ಕಟ್ಟಿ, ಹಸಿರು ಕೊಂಬೆ ಬಗ್ಗಿಸಿ ಕಮಾನು ಮಾಡುತ್ತಾರೆ. ಮೇಲೆ ಮೆಕ್ಕೆಜೋಳದ ರೊಟ್ಟಿಯ ಅಟ್ಟಿ, ಸೋರೆ ಬುರುಡೆಯಲ್ಲಿ ಮೆಕ್ಕೆಜೋಳದ ಗಂಜಿ, ಮರದ ತೊಗಟೆ ಮತ್ತು ಜೇನಿನಿಂದ ಮಾಡಿದ ಬಾಲ್ಚೆ. ಮೇಜಿನ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಹುಡುಗರು ಕೂತು ಕಪ್ಪೆಯ ಹಾಗೆ ವಟಗುಟ್ಟುತ್ತಾರೆ. ಕಪ್ಪೆ ಮದುವೆ ಮಾಡಿಸಿ, ಗುರ್ಚಿ ಹಾಡಿ ಮಳೆ ಕರೆದ ನಮ್ಮ ಹಳ್ಳಿಗಳಿಗೂ ಅವರಿಗೂ ಯಾವ ನಂಟೂ ಇಲ್ಲ. ಆದರೂ ಮಳೆಗೆ ಕಾಯುವವರಿಗೆ ಕಪ್ಪೆಯ ದನಿ ಎಲ್ಲಾದರೂ ಒಂದೇ, ಅಲ್ವಾ?

ಇಂಥದ್ದನ್ನು ದುಡ್ಡು ಕೊಟ್ಟು ಏರ್ಪಾಟು ಮಾಡಿಸಬೇಡಿ. ಊರವರೇ ಕರೆದರೆ ಹೋಗಿ. ಎಲ್ಲಿ ಕೂರಬೇಕು ಅಂತ ಕೇಳಿ ಕೂರಿ. ಫೋನ್ ಜೇಬಲ್ಲಿರಲಿ. ಕೊಟ್ಟದ್ದನ್ನು ಒಂದು ಗುಟುಕಾದರೂ ತೆಗೆದುಕೊಳ್ಳಿ. ಬಾಲ್ಚೆ ಹುಳಿ ಬಂದ ಪಾನೀಯ, ಬೇಡವಾದರೆ ಕೈ ಎದೆ ಮೇಲಿಟ್ಟು ಬೇಡ ಅನ್ನಬಹುದು. ಅಕ್ಟೋಬರ್ ಕೊನೆಗೆ ಹೋದವರಿಗೆ ಹನಾಲ್ ಪಿಶಾನ್ ಸಿಗುತ್ತದೆ. ಅಕ್ಟೋಬರ್ 31ರಿಂದ ನವೆಂಬರ್ 2ರವರೆಗೆ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಮನೆ ಮನೆಯಲ್ಲೂ ಮೇಜು, ಮೇಣದ ಬತ್ತಿ, ತೀರಿಕೊಂಡವರಿಗೆ ಇಷ್ಟವಾದ ಅಡುಗೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಬೆಳೆದವರಿಗೆ ಅಲ್ಲಿ ಯಾರೂ ಏನೂ ವಿವರಿಸಬೇಕಾಗಿಲ್ಲ.

ಸಂಜೆ

ಮಠದಿಂದ ನಡೆದುಹೋಗುವಷ್ಟು ದೂರದಲ್ಲಿ ಕಿನಿಚ್ ಕಾಕ್ ಮೋ ಪಿರಮಿಡ್ ಇದೆ. ಸೂರ್ಯನ ಮುಖದ ಬೆಂಕಿ ಗಿಣಿ ಅಂತ ಹೆಸರಿನ ಅರ್ಥ. ಟಿಕೆಟ್ ಇಲ್ಲ, ಹತ್ತಲು ಬಿಡುತ್ತಾರೆ. ಸುಮಾರು 34 ಮೀಟರ್ ಎತ್ತರ. ಕಲ್ಲು ಸಡಿಲ, ಚಪ್ಪಲಿ ಬೇಡ, ಷೂ ಬೇಕು. ಹತ್ತುವಾಗ ಅಡ್ಡಡ್ಡ ಹೆಜ್ಜೆ ಹಾಕಿ, ಇಳಿಯುವಾಗಲೂ ಹಾಗೇ. ಸಂಜೆ ಎಷ್ಟು ಹೊತ್ತಿನವರೆಗೆ ಗೇಟು ತೆರೆದಿರುತ್ತದೆ ಅಂತ ಮಠದ ಹತ್ತಿರವೇ ಕೇಳಿಕೊಂಡು ಹೋಗಿ.

ಮೇಲೆ ಹೋದರೆ ಎಲ್ಲಾ ಕಡೆ ಹಸಿರು ಬಯಲು, ಎಲ್ಲೂ ಒಂದು ಹೊಳೆಯ ಗೆರೆ ಇಲ್ಲ. ದಕ್ಷಿಣಕ್ಕೆ ತಿರುಗಿದರೆ ಹಳದಿ ಮಠ, ಪಿರಮಿಡ್ ಬುಡದ ಮೇಲೆ ಕೂತದ್ದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ನಾನು ಹೋದ ದಿನ ಸಂಜೆಯ ಗಂಟೆ ಹೊಡೆಯಿತು. ಪಕ್ಕದಲ್ಲಿ ಕೂತಿದ್ದ ಗೈಡ್ ಟೋಪಿ ತೆಗೆದು ಶಿಲುಬೆ ಗುರುತು ಹಾಕಿಕೊಂಡರು. ಆಮೇಲೆ ಬಾಟಲಿಯಿಂದ ಮೊದಲ ಗುಟುಕು ನೀರನ್ನು ಕಲ್ಲಿನ ಮೇಲೆ ಚೆಲ್ಲಿ, ಉಳಿದದ್ದನ್ನು ಕುಡಿದರು.

ಮೆರಿದಾ ಇಲ್ಲಿಂದ ಒಂದು ಗಂಟೆ. ವಯಾದೊಲಿದ್‌ಗೆ ವಾಪಸ್ ಹೋಗುವುದಾದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಕಾನ್ಕುನ್‌ಗೇ ಹೋಗಬೇಕೆಂದರೆ ಐದರೊಳಗೆ ಹೊರಡಿ, ಗಡಿಯಾರದ ಒಂದು ಗಂಟೆ ಸೇರಿ ರಾತ್ರಿ ಒಂಬತ್ತು ದಾಟುತ್ತದೆ. ಗೈಡ್‌ಗೆ ಮಾತಾಡಿದ ದುಡ್ಡಿನ ಜೊತೆ ಟಿಪ್ ಪೆಸೊದಲ್ಲೇ ಕೊಡಿ, ಕೈಗೆ ಕೊಡುವಾಗ "ದಿಯೊಸ್ ಬೊಓತಿಕ್" ಅನ್ನಿ.